ನಿಷ್ಕ್ರಿಯ ಅರ್ಧಗಂಟೆಗಳು

ಇನ್ನೂರ ಹನ್ನೊಂದು ದಿನಚರಿಗಳಲ್ಲಿ ಇನ್ನೂರ ಹತ್ತು ಶುದ್ಧ ಸುಳ್ಳು ಎಂಬುದು ಅವನಿಗೆ ಗೊತ್ತಿತ್ತು. ಅದರಿಂದ ಅವನಿಗೆ ಯಾವ ಹೇಸಿಗೆಯೂ ಆಗಿರಲಿಲ್ಲ. ನಿಜವಾಗಿದ್ದ ಒಂದೇ ಒಂದನ್ನು ಕೈಗೆತ್ತಿಕೊಂಡಾಗ ಮಾತ್ರ ಹೇಸಿಗೆಯಾಗುತ್ತಿತ್ತು. ಬೆಳಿಗ್ಗೆ ಹತ್ತೂಕಾಲಕ್ಕೆ, ಗುಡಿಸಿದ ಧೂಳು ಇನ್ನೂ ಇಳಿಯದ ಕೋಣೆಯಲ್ಲಿ, ಅದನ್ನು ಮೂರನೆಯ ಸಲ ತೆರೆದ. ಎಲ್ಲರಿಗೂ ಕೊಟ್ಟಂಥದೇ ಹಳದಿ ರಟ್ಟಿನ ಪುಸ್ತಕ, ಅದೇ ಗೆರೆ, ಅದೇ ಚೌಕದ ಮನೆಗಳು. ಆದರೆ ಇದರ ಪ್ರತಿ ಹಾಳೆಯ ಮೂಲೆಯಲ್ಲೂ ಮಣ್ಣಿನ ಹೆಬ್ಬೆಟ್ಟು ಒತ್ತಿಕೊಂಡಿತ್ತು. ಅವನು ಹಾಳೆಯನ್ನು ಉಗುರಿನ ತುದಿಯಿಂದ ಮಗುಚಿದ, ಆಮೇಲೆ ಹಾಗೆ ಮಗುಚಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ಇಡೀ ಅಂಗೈಯನ್ನು ಹಾಳೆಯ ಮೇಲೆ ಊರಿದ. ಎದುರು ಮೇಜಿನ ಟೈಪಿಸ್ಟು ತಲೆಯೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿ, ತುಟಿಯಂಚಿನಲ್ಲಿ ನಕ್ಕಳು. ಕಚೇರಿಯಲ್ಲಿ ಅವನಿಗೆ ತಕ್ಕಡಿ ಎಂಬ ಅಡ್ಡಹೆಸರಿತ್ತು. ಯಾರು ಏನು ಕೇಳಿದರೂ ಆ ಕಡೆಗೆ ಇಷ್ಟು ಈ ಕಡೆಗೆ ಇಷ್ಟು ಹಾಕಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವನು. ಹದಿನೆಂಟು ವರ್ಷ ನಗರಸಭೆಯ ಸಿಬ್ಬಂದಿ ವಿಭಾಗದಲ್ಲಿ ಬದುಕಿ ಉಳಿದು ಮೇಲ್ವಿಚಾರಕನಾದವನು ಇನ್ನು ಹೇಗೆ ಮಾತಾಡಬೇಕಿತ್ತು?

ಈ ಪುಸ್ತಕಗಳ ಯೋಜನೆ ಅವನದೇ ತಲೆಯಿಂದ ಬಂದದ್ದಲ್ಲ, ಆದರೆ ಅವನದೇ ಕೈಯಿಂದ ನಡೆದದ್ದು. ಮುಂದಿನ ಐದು ವರ್ಷಕ್ಕೆ ನಗರಸಭೆಗೆ ಎಷ್ಟು ಜನ ಬೇಕು, ಯಾರಿಗೆ ಯಾವ ತರಬೇತಿ ಕೊಡಬೇಕು, ಯಾವ ಹುದ್ದೆ ಉಳಿಯಬೇಕು, ಯಾವುದು ಹೋಗಬೇಕು ಎಂದು ಒಂದು ಯೋಜನೆ ತಯಾರಾಗಬೇಕು. ಅದಕ್ಕಾಗಿ ಪ್ರತಿಯೊಬ್ಬ ನೌಕರನೂ ಒಂದು ತಿಂಗಳು ಅರ್ಧಗಂಟೆಗೊಮ್ಮೆ ತಾನು ಏನು ಮಾಡಿದೆನೆಂದು ಬರೆದಿಡಬೇಕು. ದಿನಕ್ಕೆ ಹದಿನಾರು ಮನೆ, ಇಪ್ಪತ್ತಾರು ದಿನ, ನಾನೂರ ಹದಿನಾರು ಅರ್ಧಗಂಟೆ. ಬರೆದದ್ದಕ್ಕೆ ಸಿಬ್ಬಂದಿ ವಿಭಾಗ ಒಂದೊಂದು ಕೋಡ್ ಹಾಕುತ್ತದೆ. ಹನ್ನೆರಡು ಎಂದರೆ ಸಾರ್ವಜನಿಕರೊಂದಿಗೆ ವ್ಯವಹಾರ, ಇಪ್ಪತ್ತು ಎಂದರೆ ಪರಿಶೀಲನೆ, ಮೂವತ್ತನಾಲ್ಕು ಎಂದರೆ ನಿಷ್ಕ್ರಿಯ. ಮೂವತ್ತನಾಲ್ಕು ಹೆಚ್ಚಿನವರ ಪುಸ್ತಕದಲ್ಲಿ ಇರಲೇ ಇಲ್ಲ. ನಲ್ಲಿ ತಪಾಸಣೆಯವನು ಒಂದೇ ಭಾನುವಾರ ನಲವತ್ತೊಂದು ನಲ್ಲಿ ನೋಡಿದ್ದ. ಜನನ ನೋಂದಣಿಯವಳು ಹುಟ್ಟಿದ ಮಕ್ಕಳಿಗಿಂತ ಹೆಚ್ಚು ಮಕ್ಕಳನ್ನು ನೋಂದಾಯಿಸಿದ್ದಳು. ಮುಖ್ಯಾಧಿಕಾರಿಗಳ ಕಾರಿನ ಚಾಲಕ, ಮರದ ಕೆಳಗೆ ಬಾಯಿ ತೆರೆದುಕೊಂಡು ಮಲಗುವ ಮಧ್ಯಾಹ್ನಗಳನ್ನೆಲ್ಲ ವಾಹನದ ಶಬ್ದ ಆಲಿಸುವಿಕೆ ಎಂದು ಬರೆದಿದ್ದ. ಅದನ್ನು ಓದಿ ಅವನಿಗೆ ನಗು ಬಂದು, ಮೆಚ್ಚುಗೆಯಿಂದಲೇ ಇಪ್ಪತ್ತು ಹಾಕಿದ್ದ. ಅವನ ಸ್ವಂತ ಪುಸ್ತಕವೇನು ಕಡಿಮೆ? ನಾನೂರ ಹದಿನಾರರಲ್ಲಿ ನಾನೂರ ಒಂಬತ್ತು ಮನೆ ಕೆಲಸ.

ತಪ್ಪಾದದ್ದು ತರಬೇತಿಯ ದಿನ. ಹೊಸದಾಗಿ ಸುಣ್ಣ ಹೊಡೆದ ಸಭಾಂಗಣ, ಮೂಲೆಯಲ್ಲಿ ಕಾಫಿಯ ಪಾತ್ರೆ, ಗೋಡೆಗೆ ಬ್ಯಾನರು. ಅವನು ಮೈಕಿನ ಮುಂದೆ ನಿಂತು, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ನಿಜ ಬರೆದವರ ಹುದ್ದೆಗೆ ಏನೂ ಆಗುವುದಿಲ್ಲ, ಅದಕ್ಕೆ ನಾನು ಜವಾಬ್ದಾರಿ ಎಂದಿದ್ದ. ಕಚೇರಿಯಲ್ಲಿ ಬೆಳೆದವರಿಗೆ ಇಂಥ ಮಾತಿನ ಅರ್ಥ ಹೇಳಿಕೊಡಬೇಕಾಗಿಲ್ಲ. ಮನೆಗಳನ್ನೆಲ್ಲ ತುಂಬಿಸಿ, ಖಾಲಿ ಬಿಡಬೇಡಿ, ಮುಂದಿನದು ನನಗೆ ಬಿಡಿ ಎಂದಷ್ಟೇ ಅದರ ಅರ್ಥ. ಇನ್ನೂರ ಒಂಬತ್ತು ತಲೆಗಳು ತಿಳಿಯಿತೆಂದು ಆಡಿದವು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಕುರ್ಚಿ ಖಾಲಿಯಿದ್ದರೂ ನಿಂತೇ ಇದ್ದ ಒಬ್ಬನು ಮಾತ್ರ ಮಾತನ್ನು ಮಾತಾಗಿಯೇ ತೆಗೆದುಕೊಂಡ. ಊರ ಹೊರಗಿನ ಸ್ಮಶಾನದ ಕಾವಲುಗಾರ. ಗುಂಡಿ ತೋಡುವವನೂ ಅವನೇ, ಮುಚ್ಚುವವನೂ ಅವನೇ, ಗೇಟಿನ ಬೀಗ ಹಾಕುವವನೂ ಅವನೇ. ಎಲ್ಲರೂ ಗುದ್ದಲಿಯಣ್ಣ ಎನ್ನುತ್ತಿದ್ದರು. ಕಚೇರಿಯ ಮೆಟ್ಟಿಲು ಹತ್ತುವುದು ತಿಂಗಳಿಗೊಮ್ಮೆ, ಹಾಜರಿ ಪುಸ್ತಕ ತಂದುಕೊಡಲಿಕ್ಕೆ. ಉಳಿದ ದಿನವೆಲ್ಲ ಅವನು ಇರುತ್ತಿದ್ದದ್ದು ಹುಸಿ ಮಾತಾಡದವರ ಜೊತೆ. ಕಚೇರಿಯ ಭಾಷೆ ಅವನಿಗೆ ಎಲ್ಲಿಂದ ಬರಬೇಕು.

ಏಳು ಗಂಟೆ, ಬೀಗ ತೆಗೆದೆ. ಏಳೂವರೆ, ಕಸ ಗುಡಿಸಿದೆ. ಎಂಟು, ಯಾರೂ ಬರಲಿಲ್ಲ. ಎಂಟೂವರೆ, ಸುಮ್ಮನೆ ಕೂತೆ. ಒಂಬತ್ತು, ಕೂತೆ. ಒಂಬತ್ತೂವರೆ, ಕೂತೆ. ಇವತ್ತು ಯಾರೂ ಸತ್ತಿಲ್ಲ, ಒಳ್ಳೆಯದಾಯಿತು. ದಿನವಿಡೀ ಹೀಗೆ, ಒಂದೊಂದು ಮನೆಯಲ್ಲೂ ದಪ್ಪಕ್ಷರದಲ್ಲಿ, ಶಾಲೆಯ ಮಗು ಮಗ್ಗಿ ಬರೆದಂತೆ. ಮನುಷ್ಯನಿಗೆ ಒಂದಿಷ್ಟಾದರೂ ನಾಚಿಕೆ ಬೇಡವೇ ಎಂದು ಮೊದಲ ಸಲ ಓದಿದಾಗ ಅವನಿಗೆ ಅನ್ನಿಸಿತ್ತು. ಕೂತಿದ್ದನ್ನು ಕೂತೆ ಎಂದು ಬರೆಯುವವನು ಬಟ್ಟೆ ಬಿಚ್ಚಿಕೊಂಡು ಬೀದಿಯಲ್ಲಿ ನಿಂತವನ ಹಾಗೆ ಕಂಡಿದ್ದ. ಹನ್ನೊಂದನೆಯ ದಿನ ಒಂದು ಮಗು. ಚಿಕ್ಕ ಗುಂಡಿ, ಬೇಗ ಮುಗಿಯಿತು. ಆಮೇಲಿನ ಮನೆಯಲ್ಲಿ, ಎಲ್ಲರೂ ಹೋದರು, ಮಗುವಿನ ಅಪ್ಪ ಏಳಲಿಲ್ಲ, ಜೊತೆಗೆ ಕೂತೆ. ಅದರ ಕೆಳಗೆ, ಕೂತೆ. ಅದರ ಕೆಳಗೂ, ಕೂತೆ. ಹೀಗೆ ಏಳು ಮನೆ. ಎಂಟನೆಯದರಲ್ಲಿ, ನೀರು ಕೊಟ್ಟೆ, ಕುಡಿದ, ಹೋದ. ಈ ಏಳಕ್ಕೂ ಅವನು ಹೋದ ವಾರ ತನ್ನ ಕೈಯಿಂದಲೇ, ಕೆಂಪು ಶಾಯಿಯಲ್ಲಿ, ಮೂವತ್ತನಾಲ್ಕು ಹಾಕಿದ್ದ. ನಿಷ್ಕ್ರಿಯ. ಚಹಾ ಕುಡಿಯುತ್ತ ಹಾಕಿದ್ದ. ಒಟ್ಟು ಲೆಕ್ಕದಲ್ಲಿ ಗುದ್ದಲಿಯಣ್ಣನ ಕೆಲಸ ನೂರಕ್ಕೆ ಮೂವತ್ತೊಂದು ಬಂದಿತ್ತು. ಇಡೀ ನಗರಸಭೆಯಲ್ಲಿ ಎಲ್ಲರಿಗಿಂತ ಕೆಳಗೆ.

ತನ್ನ ತಂದೆಯನ್ನು ಮಣ್ಣು ಮಾಡಿದ ದಿನ ಮೇಲ್ವಿಚಾರಕ ಗುಂಡಿಯ ಅಂಚಿನಲ್ಲಿ ಜಾರಿದ್ದ. ಹಿಂದಿನ ದಿನ ಮಳೆಯಾಗಿ ನೆಲ ಕೊಚ್ಚೆಯಾಗಿತ್ತು. ಹಿಂದಿನಿಂದ ಒಂದು ಕೈ ಮೊಣಕೈಯನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿತು, ಇಲ್ಲದಿದ್ದರೆ ತಂದೆಯ ಮೇಲೇ ಬೀಳುತ್ತಿದ್ದ. ತಿರುಗಿದರೆ ಗುದ್ದಲಿಯಣ್ಣ. ಅವನನ್ನು ನೋಡಿ ತಾನು ಮೊದಲು ಮಾಡಿದ್ದು ಏನು? ತೋಳಿನ ಮೇಲೆ ಐದು ಬೆರಳ ಮಣ್ಣು ಮೂಡಿದ್ದನ್ನು ಕಂಡು, ಛೆ ಎಂದು ಕರವಸ್ತ್ರ ತೆಗೆದದ್ದು. ಅದೇ ದಿನ ಮೂರು ಗಂಟೆಗೆ ಬಡ್ತಿಯ ಸಂದರ್ಶನವಿತ್ತು, ಅಂಗಿ ಬದಲಿಸಲು ಮನೆಗೆ ಹೋಗಿ ಬರುವಷ್ಟು ಹೊತ್ತು ಇರಲಿಲ್ಲ. ಅರ್ಧ ಮಣ್ಣು ಬಿದ್ದಾಗಲೇ ಹೊರಟಿದ್ದ. ಉಳಿದರ್ಧವನ್ನು ಯಾರು ಹಾಕಿದರು, ಯಾರು ಕೂತರು, ಎಷ್ಟು ಅರ್ಧಗಂಟೆ? ಸಂದರ್ಶನದಲ್ಲಿ ತೋಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ಉತ್ತರ ಹೇಳಿದ್ದ. ಬಡ್ತಿ ಸಿಕ್ಕಿತು. ಈ ಕುರ್ಚಿ ಅದೇ. ಇಷ್ಟು ವರ್ಷವಾದ ಮೇಲೂ ಇದು ನೆನಪಾದರೆ ಬಾಯಲ್ಲಿ ಹುಳಿ ನೀರು ಬರುತ್ತದೆ, ಆದರೂ ಅವನು ಅದನ್ನು ಉಗುಳುವುದಿಲ್ಲ, ನುಂಗುತ್ತಾನೆ.

ಆರು ಹುದ್ದೆ ಕಡಿಮೆಯಾಗಬೇಕೆಂದು ಮೇಲಿನಿಂದ ಬಂದಿತ್ತು. ಐದಕ್ಕೆ ಕಷ್ಟವಿರಲಿಲ್ಲ; ಸತ್ತವರದು, ನಿವೃತ್ತರಾದವರದು, ಬರೀ ಕುರ್ಚಿಗಳು. ಆರನೆಯದಕ್ಕೆ ಉಸಿರಾಡುವ ಮನುಷ್ಯ ಬೇಕಿತ್ತು. ಪಟ್ಟಿಯ ತಳದಲ್ಲಿ ಗುದ್ದಲಿಯಣ್ಣ, ಮೂವತ್ತೊಂದು. ಅದರ ಮೇಲಿನ ಸಾಲಿನಲ್ಲಿ ಉದ್ಯಾನ ವಿಭಾಗದ ಕೆಲಸಗಾರನೊಬ್ಬ, ನಲವತ್ತೆರಡು. ಆ ಕೆಲಸಗಾರ ಮೇಲ್ವಿಚಾರಕನ ಹೆಂಡತಿಯ ತಮ್ಮ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಖಾಲಿ ಪುಸ್ತಕ ತಂದು, ಭಾವ, ನಿಮ್ಮ ಅಕ್ಷರ ಮುತ್ತಿನಂತಿದೆ, ನೀವೇ ಬರೆದುಬಿಡಿ ಎಂದು ಸೋಫಾದ ಮೇಲೆ ಕಾಲು ಚಾಚಿ ಮಲಗಿಬಿಟ್ಟಿದ್ದ. ಅವನು ಬರೆದ. ಗಿಡಗಳ ಆರೋಗ್ಯ ಪರಿಶೀಲನೆ, ಹುಲ್ಲಿನ ಎತ್ತರದ ಅಳತೆ, ಸಾರ್ವಜನಿಕರಿಗೆ ಹೂವಿನ ಮಾಹಿತಿ. ಬಾಮೈದ ಗೊರಕೆ ಹೊಡೆಯುತ್ತಿದ್ದ. ಅನುಮಾನ ಬರಬಾರದೆಂದು ಬೇಕೆಂತಲೇ ಸ್ವಲ್ಪ ತಗ್ಗಿಸಿ ನಲವತ್ತೆರಡಕ್ಕೆ ನಿಲ್ಲಿಸಿದ್ದ. ಸುಳ್ಳಿಗೂ ಒಂದು ಮರ್ಯಾದೆ ಬೇಡವೇ. ಇವತ್ತು ಬೆಳಿಗ್ಗೆ ತಿಂಡಿ ಬಡಿಸುತ್ತ ಹೆಂಡತಿ, ತಮ್ಮನದು ಏನೂ ತೊಂದರೆಯಿಲ್ಲ ತಾನೆ, ಅವನ ಮಗುವಿಗೆ ಇನ್ನೂ ಎರಡು ತಿಂಗಳು ಎಂದು ಗೋಡೆಗೆ ಹೇಳುವಂತೆ ಹೇಳಿದ್ದಳು. ನೋಡೋಣ ಎಂದಿದ್ದ. ಕಿಟಕಿಯಲ್ಲಿ ಬಾಮೈದ ತಂದುಕೊಟ್ಟ ನಗರಸಭೆಯ ಹೂಕುಂಡಗಳು ಸಾಲಾಗಿ ಇದ್ದವು.

ಹನ್ನೊಂದು ಗಂಟೆಗೆ ಗುದ್ದಲಿಯಣ್ಣ ಬಂದ. ಹಾಜರಿ ಪುಸ್ತಕ ಕೊಡಲು ಬಂದವನು ತಾನಾಗಿಯೇ ಅವನ ಮೇಜಿನ ಹತ್ತಿರ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಎಣ್ಣೆ ಹಚ್ಚಿ ಬಾಚಿದ ತಲೆ, ಗುಂಡಿ ಸರಿಯಾಗಿ ಹಾಕಿದ ಅಂಗಿ. ಕಚೇರಿಗೆಂದು ಮುಖ ತೊಳೆದು ಬಂದವನ ಆ ಶುಭ್ರತೆ ಕಂಡೇ ಅವನಿಗೆ ರೇಗಿತು. ಕುಳಿತುಕೊಳ್ಳಿ ಎಂದ, ಕೂರಲಿಲ್ಲ. ಟೈಪಿಸ್ಟು ಹೊರಗೆ ಹೋಗುವವರೆಗೆ ಕಾದು, ದನಿ ತಗ್ಗಿಸಿ, ಪುಸ್ತಕವನ್ನು ಸ್ವಲ್ಪ ಬೇರೆ ಥರ ಬರೆಯಬಹುದಿತ್ತಲ್ಲ, ಇನ್ನೂ ಹೊತ್ತಿದೆ, ಬೇರೆ ಪುಸ್ತಕ ಕೊಡುತ್ತೇನೆ, ಇಲ್ಲೇ ಕೂತು ಬರೆದುಕೊಡಿ ಎಂದು ಹಾವೂ ಸಾಯದಂತೆ ಕೋಲೂ ಮುರಿಯದಂತೆ ಸುತ್ತಿ ಬಳಸಿ ಹೇಳಿದ. ಗುದ್ದಲಿಯಣ್ಣನಿಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಿತು. ತಪ್ಪು ಬರೆದಿದ್ದೇನಾ ಎಂದು ಕೇಳಿದ. ತಪ್ಪಲ್ಲ, ಕಡಿಮೆ ಎಂದ ಅವನು. ಕೆಲಸ ಕಡಿಮೆ ಕಾಣುತ್ತಿದೆ.

"ಕಡಿಮೇನೇ ಇತ್ತಲ್ಲ ಸಾರ್. ಆ ತಿಂಗಳು ಒಂಬತ್ತೇ ಜನ ಬಂದಿದ್ದು."

"ಇನ್ನೊಂದೈದಾರು ಗುಂಡಿ ತೋಡಿದೆ ಅಂತ ಬರೆದ್ರೆ ಯಾರು ಎಣಿಸೋಕೆ ಬರ್ತಾರೆ?"

ಗುದ್ದಲಿಯಣ್ಣ ನಿಜವಾಗಿಯೂ ಯೋಚಿಸಿದ. ಅವನ ಹುಬ್ಬು ಗಂಟಾಗಿ, ತುಟಿಗಳು ಏನನ್ನೋ ಎಣಿಸುವಂತೆ ಆಡಿದವು.

"ತೋಡಿದೆ ಅಂದ್ಮೇಲೆ ಯಾರನ್ನ ಇಟ್ಟೆ ಅಂತಾನೂ ಬರೀಬೇಕಲ್ಲ ಸಾರ್, ಪಕ್ಕದ ಮನೇಲಿ. ಯಾರ ಹೆಸರು ಬರೀಲಿ? ನನಗೆ ಗೊತ್ತಿರೋರೆಲ್ಲ ಬದುಕಿದ್ದಾರೆ."

ಅದನ್ನು ಅವನು ತಮಾಷೆಗೆ ಹೇಳಲಿಲ್ಲ, ಹಟಕ್ಕೂ ಹೇಳಲಿಲ್ಲ. ನೀವು ಆವತ್ತು ಮೈಕಿನಲ್ಲಿ ಹೇಳಿದ್ದು ಕೇಳಿ ಧೈರ್ಯ ಬಂತು, ಇಲ್ಲದಿದ್ದರೆ ಕೂತೆ ಎಂದು ಬರೆಯಲು ಭಯವಾಗುತ್ತಿತ್ತು ಎಂದೂ ಸೇರಿಸಿದ. ಮೇಲ್ವಿಚಾರಕನ ಕಿವಿಯ ಹಿಂದೆ ಬಿಸಿಯೇರಿತು. ಇಷ್ಟು ಹೊತ್ತು ನೀವು ಎನ್ನುತ್ತಿದ್ದವನು ಥಟ್ಟನೆ ನೀನಿಗೆ ಇಳಿದು, ನಿನ್ನ ಹಣೆಬರಹ, ಆಮೇಲೆ ನನ್ನನ್ನು ಕೇಳಬೇಡ, ಹೋಗು ಎಂದ. ಗುದ್ದಲಿಯಣ್ಣ ಹೋಗುವ ಮುಂಚೆ ಗೇಟಿನ ಕೋಣೆಯ ಮಾಡು ಸೋರುತ್ತದೆ, ಯಾರಿಗಾದರೂ ಹೇಳಿ ಎಂದ. ಹುದ್ದೆಯ ಜೊತೆಗೇ ಬಂದ ಕೋಣೆ ಅದು. ಹುದ್ದೆ ಹೋದರೆ ಅದೂ ಹೋಗುತ್ತದೆಂದು ಅವನಿಗೆ ಹೇಳಿದವರು ಯಾರೂ ಇರಲಿಲ್ಲ. ಸೋರುವ ಮಾಡಿನ ಮಾತು ಕೇಳಿ ಮೇಲ್ವಿಚಾರಕ ಹಾಳೆಯ ಮೇಲೆ ಬರೆದುಕೊಳ್ಳುವಂತೆ ನಟಿಸಿದ. ಪೆನ್ನಿನಲ್ಲಿ ಶಾಯಿಯಿರಲಿಲ್ಲ, ಬರೀ ಗೀರು ಬಿತ್ತು.

ಅವನು ಹೋದ ಮೇಲೆ ಕೋಣೆಯಲ್ಲಿ ಅವನ ತಲೆಯೆಣ್ಣೆಯ ವಾಸನೆ ಉಳಿಯಿತು. ಸಭೆ ಮೂರಕ್ಕೆ. ಪುಸ್ತಕ ಮತ್ತೆ ತೆರೆದ. ಆಗ ಇದ್ದಕ್ಕಿದ್ದಂತೆ, ಕಣ್ಣೆದುರೇ ಇದ್ದು ಕಾಣದ ಕನ್ನಡಕದ ಹಾಗೆ, ಹೊಳೆಯಿತು. ಗುದ್ದಲಿಯಣ್ಣ ಒಂದಕ್ಷರವೂ ಬದಲಿಸಬೇಕಾಗಿಲ್ಲ. ಬದಲಿಸಬೇಕಾದವನು ತಾನು. ಮಗುವಿನ ಅಪ್ಪನ ಜೊತೆ ಕೂತದ್ದು, ಮುದುಕಿಯೊಬ್ಬಳು ಗಂಡನ ಗುಂಡಿ ಯಾವುದೆಂದು ಮರೆತು ಅಲೆದಾಗ ಅವಳೊಡನೆ ಅಲೆದದ್ದು, ತಡವಾಗಿ ಬಂದ ಮಗನಿಗೆ ಗೇಟು ತೆಗೆದು ಅವನು ಅತ್ತು ಮುಗಿಸುವವರೆಗೆ ನಿಂತದ್ದು, ಇವೆಲ್ಲ ಸಾರ್ವಜನಿಕರೊಂದಿಗೆ ವ್ಯವಹಾರವಲ್ಲದೆ ಇನ್ನೇನು? ಕೋಡ್ ಹನ್ನೆರಡು. ಹುಲ್ಲಿನ ಎತ್ತರ ಅಳೆದದ್ದು ಕೆಲಸವಾದರೆ ಇದು ನೂರು ಸಲ ಕೆಲಸ. ಮನೆಗಳನ್ನು ಹುಡುಕಿ ಎಣಿಸಿದ, ಐವತ್ತನಾಲ್ಕು ಸಿಕ್ಕವು. ಕೆಂಪು ಮೂವತ್ತನಾಲ್ಕರ ಪಕ್ಕ ಪೆನ್ಸಿಲಿನಲ್ಲಿ ಹನ್ನೆರಡು, ಹನ್ನೆರಡು, ಹನ್ನೆರಡು ಎಂದು ಬರೆಯುತ್ತ ಹೋದ. ನೂರಕ್ಕೆ ನಲವತ್ತಮೂರು ಮುಕ್ಕಾಲು. ಬಾಮೈದನನ್ನು ದಾಟಿ ಗುದ್ದಲಿಯಣ್ಣ ಒಂದು ಮೆಟ್ಟಿಲು ಮೇಲೆ ಬಂದ. ಹದಿನೆಂಟು ವರ್ಷದಲ್ಲಿ ತಾನು ಮಾಡಿದ ಮೊದಲ ಸರಿಯಾದ ಲೆಕ್ಕ ಇದು ಎನ್ನಿಸಿ ಎದೆ ಹಗುರಾಯಿತು. ಹಗುರಾಗುತ್ತಿರುವಾಗಲೇ, ನೋಡು ತಕ್ಕಡಿ, ನೀನೂ ಒಳ್ಳೆಯವನು ಎಂದು ಒಳಗೊಬ್ಬ ಬೆನ್ನು ತಟ್ಟಿದ. ಆ ಒಳಗಿನವನ ಜಿಡ್ಡು ಕೈಗೆ ಅವನಿಗೆ ಮತ್ತೆ ಹೇಸಿಗೆಯಾಯಿತು. ಪೆನ್ಸಿಲಿನಲ್ಲಿ ಏಕೆ ಬರೆದೆ, ಕೆಂಪು ಶಾಯಿ ಕೈಗೆಟುಕುವಲ್ಲೇ ಇತ್ತಲ್ಲ?

ಮುಖ್ಯಾಧಿಕಾರಿಗಳು ಅವನಿಗಿಂತ ಹನ್ನೆರಡು ವರ್ಷ ಚಿಕ್ಕವರು, ಯಾರ ಮೇಲೂ ದನಿಯೇರಿಸದ ಹೆಂಗಸು. ಅವರ ಕೋಣೆಯಲ್ಲಿ ಮೂರು ಗಂಟೆಗೆ ಅವನೂ ಸೇರಿ ಎಂಟು ಜನ ವಿಭಾಗದ ಮುಖ್ಯಸ್ಥರು ಬಿಸ್ಕತ್ತು ತಿನ್ನುತ್ತ ಕೂತಿದ್ದರು. ಲೆಕ್ಕಾಧಿಕಾರಿಯ ಮೀಸೆಯಲ್ಲಿ ಬಿಸ್ಕತ್ತಿನ ಪುಡಿ. ಮೇಡಂ ಪುಸ್ತಕಗಳ ರಾಶಿಯಿಂದ ಮಣ್ಣಿನ ಪುಸ್ತಕವನ್ನೇ ಎತ್ತಿ ಹಿಡಿದರು. ನಿನ್ನೆ ಇದನ್ನು ಪೂರ್ತಿ ಓದಿದೆ, ಇಡೀ ಕಚೇರಿಯಲ್ಲಿ ಪ್ರಾಮಾಣಿಕವಾಗಿ ಬರೆದವನು ಇವನೊಬ್ಬನೇ, ನಮ್ಮ ಯೋಜನೆ ನಿಜ ಹೇಳುತ್ತದೆ ಎನ್ನಲು ಇದೇ ಸಾಕ್ಷಿ ಎಂದು ಮೆಚ್ಚಿಕೊಂಡೇ ಹೇಳಿದರು. ಹೊಗಳಿಕೆಯೊಳಗೇ ಕೊಡಲಿ ಇದ್ದದ್ದು ಕಂಡು ಎಲ್ಲರೂ ತಲೆಯಾಡಿಸಿದರು. ಆಮೇಲೆ ಅವರು ಹಾಳೆ ಮಗುಚಿ, ಪೆನ್ಸಿಲಿನ ಅಂಕಿಗಳ ಮೇಲೆ ಬೆರಳಿಟ್ಟರು. ಇದು ನಿನ್ನೆ ಇರಲಿಲ್ಲವಲ್ಲ ಎಂದರು. ಅವನು ಗಂಟಲು ಸರಿಮಾಡಿಕೊಂಡು, ದುಃಖದಲ್ಲಿರುವ ಸಾರ್ವಜನಿಕರ ಜೊತೆ ಕಳೆದ ಹೊತ್ತು ಎಂದು ಶುರುಮಾಡಿದ.

"ಅಂದ್ರೆ ಕೂತಿದ್ದೂ ಕೆಲಸಾನಾ?" ಎಂದು ನೀರು ವಿಭಾಗದವನು ಕೇಳಿದ. "ಹಾಗಾದ್ರೆ ನಮಗೆಲ್ಲ ನೂರಕ್ಕೆ ನೂರು ಕೊಡಿ ಸ್ವಾಮಿ."

ಕೋಣೆಯೆಲ್ಲ ನಕ್ಕಿತು. ಆ ನಗು ಅವನಿಗೆ ತೀರ ಪರಿಚಿತವಾದದ್ದು. ತಾನೂ ಎಷ್ಟೋ ಸಲ ನಕ್ಕದ್ದು. ಅವನ ತುಟಿಯೂ ಅಭ್ಯಾಸಬಲದಿಂದ ಅರಳಿತು. ಮೇಡಂ ಮಾತ್ರ ನಗಲಿಲ್ಲ. ಪಟ್ಟಿಯನ್ನು ಹತ್ತಿರಕ್ಕೆಳೆದು, ತಾಳ್ಮೆಯಿಂದ ನೋಡಿ, ನಿಮ್ಮ ವಾದದಲ್ಲಿ ಹುರುಳಿರಬಹುದು, ನಾನು ಬೇಡ ಅನ್ನುವುದಿಲ್ಲ ಎಂದರು. "ಆದ್ರೆ ಆರನೇದು ಬೇಕೇ ಬೇಕಲ್ಲ. ಇವನನ್ನ ಉಳಿಸಿದ್ರೆ ಮುಂದಿನದು ಯಾವುದು? ಈ ಉದ್ಯಾನದವನದಾ?"

ಅವರಿಗೆ ಸಂಬಂಧ ಗೊತ್ತಿರಲಿಲ್ಲ. ಉಳಿದ ಏಳೂ ಜನಕ್ಕೆ ಗೊತ್ತಿತ್ತು. ಲೆಕ್ಕಾಧಿಕಾರಿ ಫ್ಯಾನನ್ನು ನೋಡತೊಡಗಿದ. ನೀರಿನವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಅಲ್ಲೇ ಹಿಡಿದುಕೊಂಡ. ಹೌದು ಎಂಬ ಎರಡಕ್ಷರ ಅವನ ನಾಲಿಗೆಯ ತುದಿಗೆ ಬಂದು ಕೂತಿತ್ತು, ಅದರ ಭಾರ ಕೂಡ ತಿಳಿಯುತ್ತಿತ್ತು. ಸೋಫಾದ ಮೇಲೆ ಚಾಚಿದ ಕಾಲು, ಗೋಡೆಗೆ ಮಾತಾಡುವ ಹೆಂಡತಿ, ಇನ್ನು ಇಪ್ಪತ್ತು ವರ್ಷ ಪ್ರತಿದಿನ ಬೆಳಿಗ್ಗೆ ತಟ್ಟೆಯನ್ನು ಸದ್ದು ಮಾಡಿ ಇಡುವ ಕೈ. ನೀರಿನವನ ಬಿಸ್ಕತ್ತು ಮೆತ್ತಗಾಗಿ ಮುರಿದು ಲೋಟದೊಳಗೆ ಬಿತ್ತು.

"ಇಲ್ಲ ಮೇಡಂ. ತಪ್ಪಾಗಿದೆ. ನಾನೇ ಸರಿ ಮಾಡ್ತೀನಿ," ಎಂದ.

ನಾಳೆ ಮಾಡಿದರಾಯಿತು ಎಂದರು ಅವರು. ಆದರೆ ಅವನು ಆಗಲೇ ಎದ್ದು ಅವರ ಮೇಜಿನ ಮೇಲಿದ್ದ ರಬ್ಬರನ್ನೇ ಕೇಳಿ ತೆಗೆದುಕೊಂಡು, ಎಲ್ಲರೆದುರು ಬಗ್ಗಿ ಒಂದೊಂದೇ ಹನ್ನೆರಡನ್ನು ಉಜ್ಜತೊಡಗಿದ. ಐವತ್ತನಾಲ್ಕು ಸಲ. ಯಾರೂ ಕೇಳದಿದ್ದರೂ ಅಷ್ಟು ಶ್ರದ್ಧೆ. ಅಳಿಸುವಾಗ ಹಾಳೆ ಅಲ್ಲಲ್ಲಿ ತೆಳುವಾಯಿತು, ಕೆಂಪು ಮೂವತ್ತನಾಲ್ಕುಗಳು ಮಾತ್ರ ಹಾಗೆಯೇ ಉಳಿದವು. ಸಭೆ ಅಷ್ಟರಲ್ಲಿ ಮುಂದಿನ ವರ್ಷದ ತರಬೇತಿಗಳ ಕಡೆಗೆ ಹೊರಳಿತ್ತು. ಪ್ರಾಮಾಣಿಕ ದಿನಚರಿ ಬರೆಯುವುದು ಹೇಗೆ ಎಂದು ಒಂದು ತರಬೇತಿ ಇಡಬೇಕು, ಈ ಪುಸ್ತಕವನ್ನೇ ಮಾದರಿಯಾಗಿ ತೋರಿಸಬಹುದು ಎಂದು ಯಾರೋ ಹೇಳಿದರು. ಒಳ್ಳೆಯ ಸಲಹೆ ಎಂದು ಅವನೇ ಟಿಪ್ಪಣಿ ಬರೆದುಕೊಂಡ.

ನಾಲ್ಕೂವರೆಗೆ ಯಾರಿಗೂ ಹೇಳದೆ ಹೊರಟ. ಆದೇಶ ಅಂಚೆಯಲ್ಲಿ ಹೋಗುವ ಮುಂಚೆ ತಾನೇ ಹೋಗಿ ಬಾಯಾರೆ ಹೇಳಬೇಕು, ಅಷ್ಟಾದರೂ ಮನುಷ್ಯತ್ವ ಬೇಡವೇ ಎಂದು ಬಸ್ಸಿನಲ್ಲಿ ತನಗೆ ತಾನೇ ಹೇಳಿಕೊಂಡ. ಪಕ್ಕದಲ್ಲಿ ಕೂತವನ ಬೆವರು, ಮುಂದಿನ ಸೀಟಿನ ಹರಿದ ರೆಕ್ಸಿನ್ನಿನೊಳಗಿನ ಸ್ಪಂಜು, ಕಿಟಕಿಯ ಕಂಬಿಯ ಮೇಲೆ ಯಾರೋ ಅಂಟಿಸಿದ ಉಗುಳು, ಎಲ್ಲವೂ ತನ್ನ ಒಳಗಿನಿಂದಲೇ ಹೊರಬಂದು ಅಲ್ಲಲ್ಲಿ ಕೂತಂತಿತ್ತು. ಇಳಿದಾಗ ಹೇಳಬೇಕಾದ ಮಾತು ತಯಾರಾಗಿತ್ತು. ತಾನು ವಾದಿಸಿದೆ, ಕೋಡ್ ಬದಲಿಸಲೂ ನೋಡಿದೆ, ಮೇಲಿನವರಿಗೆ ಆರನೆಯ ಹುದ್ದೆ ಬೇಕೇ ಬೇಕಿತ್ತು. ಒಂದೊಂದು ವಾಕ್ಯವೂ ನಿಜ. ನಿಜಗಳನ್ನೇ ಜೋಡಿಸಿ ಸುಳ್ಳು ಕಟ್ಟುವ ಕೆಲಸಕ್ಕೆ ಮಾತ್ರ ಅವನಿಗೆ ಯಾವ ತರಬೇತಿಯೂ ಬೇಕಿರಲಿಲ್ಲ.

ಗುದ್ದಲಿಯಣ್ಣ ಗೇಟಿನ ಒಳಗೆ ಕಲ್ಲುಬೆಂಚಿನ ಮೇಲೆ ಕೂತಿದ್ದ. ಏಳಲು ಹೋದವನನ್ನು ಬೇಡವೆಂದು ಕೈಸನ್ನೆ ಮಾಡಿ, ಪಕ್ಕದಲ್ಲೇ ಕೂತು, ಅವನು ಬಸ್ಸಿನಲ್ಲಿ ಕಟ್ಟಿದ್ದನ್ನೆಲ್ಲ ಹೇಳಿದ. ಹುದ್ದೆ ರದ್ದಾಗುತ್ತದೆ, ಮೂರು ತಿಂಗಳು ಸಮಯವಿರುತ್ತದೆ, ಕೋಣೆಯನ್ನು ಬಿಡಬೇಕಾಗುತ್ತದೆ. ಇನ್ನು ಮುಂದೆ ಹೆಣ ಬಂದಾಗ ಫೋನು ಮಾಡಿದರೆ ರಸ್ತೆ ವಿಭಾಗದಿಂದ ಇಬ್ಬರು ಬಂದು ತೋಡಿ ಹೋಗುತ್ತಾರೆ. ಹೇಳುವಾಗ ಗುದ್ದಲಿಯಣ್ಣನ ಮುಖ ನೋಡಲಿಲ್ಲ, ಮಂಡಿಯ ಮೇಲಿದ್ದ ಅವನ ಕೈಗಳನ್ನು ನೋಡಿದ. ಉಗುರಿನೊಳಗೆ ಮಣ್ಣು, ಬೆರಳ ಗಿಣ್ಣುಗಳಲ್ಲಿ ಮಣ್ಣು, ಅವು ಅಲುಗಾಡಲಿಲ್ಲ. ಕೋಣೆಯೊಳಗೆ ಗುದ್ದಲಿಯಣ್ಣನ ಹೆಂಡತಿ ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

"ನಿಜ ಬರೆದಿದ್ದಕ್ಕಾ ಸಾರ್?" ಎಂದು ಕೊನೆಗೆ ಕೇಳಿದ.

ಮೇಲ್ವಿಚಾರಕ ತಯಾರಿಸಿ ತಂದ ಮಾತುಗಳೆಲ್ಲ ಮುಗಿದಿದ್ದವು. ಅವನಿಗೆ ಅಳು ಬಂದಂತಾಯಿತು, ಅದು ನಿಜವಾದ ಅಳುವೋ ಅಲ್ಲವೋ ಎಂದು ಪರೀಕ್ಷಿಸುತ್ತಿರುವಾಗಲೇ ಕಣ್ಣಿನಲ್ಲಿ ನೀರು ಬಂದೂಬಿಟ್ಟಿತು. ಗುದ್ದಲಿಯಣ್ಣ ಅದನ್ನು ಕಂಡ. ಸ್ವಲ್ಪ ಹತ್ತಿರಕ್ಕೆ ಸರಿದು ಕೂತ. ತನ್ನ ಸುದ್ದಿಯನ್ನು ಬದಿಗಿಟ್ಟು, ಎದುರಿಗಿದ್ದವನ ದುಃಖಕ್ಕೆ ಜಾಗ ಮಾಡಿಕೊಡುವುದು ಅವನಿಗೆ ಅಷ್ಟು ರೂಢಿಯಾಗಿತ್ತು.

"ಬಿಡಿ ಸಾರ್, ನೀವಾದ್ರೂ ಏನ್ಮಾಡೋಕಾಗತ್ತೆ. ನಿಮ್ಮ ಕೈಲಾದ್ದು ನೀವು ಮಾಡಿದ್ರಿ."

ಅವನು ತಲೆ ತಗ್ಗಿಸಿಯೇ ಇದ್ದ. ಆ ಒಂದು ಮಾತು ಕೇಳಲಿಕ್ಕೇ ತಾನು ಎರಡು ಬಸ್ಸು ಬದಲಿಸಿ ಇಲ್ಲಿಗೆ ಬಂದದ್ದು ಎಂಬುದು ಅವನಿಗೆ ಮಾತು ಕಿವಿಗೆ ಬಿದ್ದ ಆ ಕ್ಷಣವೇ ಸ್ಪಷ್ಟವಾಗಿ ಗೊತ್ತಾಯಿತು. ಆ ಮಾತನ್ನೂ ಅವನಿಂದಲೇ ಕಿತ್ತುಕೊಂಡೆ ಎಂದು ಹೇಸಿಗೆಪಟ್ಟ. ಆದರೂ ಆ ಮಾತು ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಬೆಚ್ಚಗೆ ಇಳಿಯುತ್ತ ಹೋಯಿತು. ಬೇಡವೆಂದು ಹೇಳಿ ತಡೆಯುವ ಮನಸ್ಸಾಗಲಿಲ್ಲ. ಇಬ್ಬರೂ ಹಾಗೆಯೇ ಇನ್ನೂ ಸ್ವಲ್ಪ ಹೊತ್ತು ಕೂತರು. ಆಮೇಲೆ ಅವನು ಎದ್ದು, ಪ್ಯಾಂಟಿನ ಹಿಂದೆ ಕೈಯಾಡಿಸಿ ಧೂಳು ಕೊಡವಿಕೊಂಡು, ಏನಾದರೂ ಬೇಕಾದರೆ ಹೇಳಿ ಎಂದು ಹೇಳಿ ಹೊರಟ. ನಿಲ್ದಾಣದ ಎದುರಿನ ಸಣ್ಣ ಹೋಟೆಲಿನ ಮುಂದೆ ಬಂದಾಗ ತನಗೆ ಬಹಳ ಹಸಿವಾಗಿದೆಯೆಂದು ತಿಳಿದು ಆಶ್ಚರ್ಯವಾಯಿತು. ಒಳಗೆ ಹೋಗಿ ಕೂತು ಊಟ ತರಿಸಿಕೊಂಡ. ಎರಡನೆಯ ಸಲ ಕೇಳಿ ಬಡಿಸಿಕೊಂಡ. ಚೆನ್ನಾಗಿತ್ತು.